ಪೂಜೆಗಿಟ್ಟ ಪಾನಾ

ಹಾನಗಲ್ಲಿನ ವಕೀಲ ಶ್ರೀಪಾದನಿಗೆ ಎರಡು ಸಂಸಾರ ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ಒಂದು ವಿಮಲಾಬಾಯಿ, ಇನ್ನೊಂದು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಿಂತ ಕೆಂಪು ಕಾರು. ಈ ಮಾತು ಕೇಳಿದರೆ ಶ್ರೀಪಾದ ಖುಷಿಯಿಂದ ನಗುತ್ತಿದ್ದ. ವಿಮಲಾಗೆ ನಗು ಬರುತ್ತಿರಲಿಲ್ಲ. ಎರಡರಲ್ಲಿ ಯಾವುದು ಮೊದಲಿನ ಸಂಸಾರ ಎಂದು ಅವಳಿಗೆ ಗೊತ್ತಿತ್ತು.

ಕಾರು ಎಂದರೆ ಮನೆಮಂದಿಯೆಲ್ಲ ಕೂತು ಹೋಗುವ ಮರ್ಯಾದಸ್ಥ ಕಾರಲ್ಲ. ವಿಲಾಯತಿಯಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ತಲೆಯ ಮೇಲೆ ಮಡಚುವ ಕ್ಯಾನ್ವಾಸು, ಕೂತರೆ ಅಂಡು ನೆಲಕ್ಕೆ ತಾಗೀತೇನೋ ಅನ್ನುವಷ್ಟು ತಗ್ಗು. ಬೆಳಗಾವಿಯಲ್ಲಿ ಯಾರೋ ಮಿಲಿಟರಿ ಸಾಹೇಬ ಮಾರಿ ಹೋದದ್ದನ್ನು ಶ್ರೀಪಾದ ಮದುವೆಗೆ ಮುಂಚೆಯೇ ಹಟ ಹಿಡಿದು ತಂದಿದ್ದ. ಅದು ಬಂಕಾಪುರದ ರಸ್ತೆಯಲ್ಲಿ ಹೊರಟರೆ ಎತ್ತುಗಳು ಕಣ್ಣಿ ಹರಿದುಕೊಂಡು ಓಡುತ್ತಿದ್ದವು. ಹೊರಡುವುದೇ ಅಪರೂಪ, ಆ ಮಾತು ಬೇರೆ.

ಯಾಕೆ ಅಪರೂಪ? ತನ್ನ ಕಾರಿನ ನಟ್ಟು ತಾನೇ ಬಿಚ್ಚಬೇಕು, ತಾನೇ ಬಿಗಿಯಬೇಕು ಎಂಬುದು ಅವನ ಹಟ. ಹುಬ್ಬಳ್ಳಿಯ ಯಾವ ಗ್ಯಾರೇಜಿನವನಿಗೂ ಮುಟ್ಟಗೊಡುತ್ತಿರಲಿಲ್ಲ. ಭಾನುವಾರ ಬಂತೆಂದರೆ ಕೋರ್ಟಿನ ಕರೀ ಕೋಟಿನ ಮನುಷ್ಯ ಇವನೇ ಏನು ಅನ್ನುವ ಹಾಗೆ ಹರಕು ಬನಿಯನ್ ತೊಟ್ಟು ಕಾರಿನ ಹೊಟ್ಟೆಯ ಕೆಳಗೆ ಅಂಗಾತ ಮಲಗುತ್ತಿದ್ದ. ಎಣ್ಣೆ ಬದಲಿಸುವುದು, ಪ್ಲಗ್ಗು ಉಜ್ಜುವುದು, ವಾಲ್ವು ಅರೆಯುವುದು, ಎಲ್ಲ ಅವನದೇ. ಎರಡು ಕಾರ್ಬೊರೇಟರು ಒಂದೇ ಸಮನೆ ಉಸಿರಾಡುತ್ತಿವೆಯೋ ಇಲ್ಲವೋ ಎಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದ. ಹೆಂಡತಿಯ ಮಾತನ್ನು ಅದರ ಅರ್ಧದಷ್ಟು ಕಿವಿಗೊಟ್ಟು ಕೇಳಿದ್ದರೂ ಅವಳ ಬಾಳು ಬಂಗಾರವಾಗುತ್ತಿತ್ತು. ನೆಟ್ಟಗೆ ಹೇಳಬೇಕೆಂದರೆ ಅವನಿಗೆ ಆ ಕೆಲಸ ಅರ್ಧ ಬರುತ್ತಿತ್ತು. ಬಿಚ್ಚುವ ಅರ್ಧ.

ವಿಮಲಾ ಪಕ್ಕದಲ್ಲಿ ನಿಂತು ಬೇಕಾದ ಪಾನಾ ಎತ್ತಿ ಕೊಡಬೇಕು. ಸ್ಪ್ಯಾನರಿಗೆ ಆ ಕಡೆ ಎಲ್ಲರೂ ಪಾನಾ ಎಂದೇ ಅನ್ನುವುದು. ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೂ ಇದೊಂದು ಸಂಭ್ರಮವೇ ಆಗಿತ್ತು. ಗಂಡ ಕೈಚಾಚುವ ಮೊದಲೇ ಸರಿಯಾದ ಪಾನಾ ಕೊಟ್ಟು ಶಾಭಾಸ್ ಅನ್ನಿಸಿಕೊಳ್ಳುತ್ತಿದ್ದಳು. ಆಮೇಲೆ ಅವನ ಕೈಯ ತುತ್ತಿನಲ್ಲೂ ಹಾಸಿಗೆಯಲ್ಲೂ ಸೀಮೆಎಣ್ಣೆ ನಾತ ಹೊಡೆಯತೊಡಗಿತು. ಸಂಭ್ರಮ ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಎಪ್ಪತ್ತಾರನೇ ಇಸವಿಯ ದಸರೆ. ಕಾರಿನ ಎಣ್ಣೆಗೆ ನೀರು ಸೇರತೊಡಗಿತ್ತೆಂದು ಶ್ರೀಪಾದ ಎಂಜಿನ್ನಿನ ಮೇಲಿನ ಹೆಡ್ಡನ್ನೇ ಬಿಚ್ಚಿ ಗೋಣಿಚೀಲದ ಮೇಲೆ ಮಲಗಿಸಿದ್ದ. ಹೆಡ್ಡಿಗೂ ಬುಡಕ್ಕೂ ನಡುವೆ ಹಾಕುವ ಗ್ಯಾಸ್ಕೆಟ್ಟು ಸುಟ್ಟುಹೋಗಿತ್ತು. ಹೊಸದನ್ನು ಮುಂಬಯಿಯಿಂದ ತರಿಸುವ ತಾಳ್ಮೆ ಯಾರಿಗಿದೆ? ಒಂದು ಹಾಳೆ ತಂದು ಹೆಂಡತಿಯ ಹೊಲಿಗೆ ಕತ್ತರಿಯಿಂದ ತಾನೇ ಕತ್ತರಿಸುತ್ತ ಕೂತಿದ್ದ. ಅಷ್ಟಮಿಯ ಮಧ್ಯಾಹ್ನ ಹಿರೇಕೆರೂರ ಬಸ್ಸಿನ ಕಂಡಕ್ಟರ್ ಜಮಾಲಸಾಬ ಬಾಗಿಲಿಗೆ ಬಂದ. ಆ ಕಾಲದಲ್ಲಿ ತವರಿನ ಸುದ್ದಿ ಬರುತ್ತಿದ್ದದ್ದೇ ಬಸ್ಸಿನವರ ಬಾಯಲ್ಲಿ. ವಿಮಲಾಳ ಅಪ್ಪನಿಗೆ ಮೈ ಬಹಳ ಕೆಟ್ಟಿದೆ, ಊಟ ಬಿಟ್ಟಿದ್ದಾರೆ, ಮಗಳ ಹೆಸರು ಹಿಡಿದು ಕನವರಿಸುತ್ತಿದ್ದಾರೆ ಎಂದು ತಮ್ಮ ರಾಘಣ್ಣ ಹೇಳಿ ಕಳಿಸಿದ್ದ.

“ಸಂಜೀಕ ನಮ್ಮ ಗಾಡಿ ತಿರುಗಿ ಹೊಕ್ಕೈತ್ರಿ ಅಕ್ಕಾರ,” ಎಂದ ಜಮಾಲಸಾಬ. “ಬರ್ರಿ, ಮುಂದ ಜಾಗಾ ಹಿಡಿದಿರ್ತೇನಿ.”

ವಿಮಲಾ ಟ್ರಂಕಿನಿಂದ ಸೀರೆ ತೆಗೆದು ಚೀಲಕ್ಕೆ ತುಂಬತೊಡಗಿದಳು. ಶ್ರೀಪಾದ ಕತ್ತರಿ ಹಿಡಿದುಕೊಂಡೇ ಒಳಗೆ ಬಂದ. ಊರೂರಿಗೆ ನಿಲ್ಲುತ್ತ, ಕೋಳಿ ಕುರಿ ಹೇರಿಕೊಂಡು ಹೋಗುವ ಬಸ್ಸು ಯಾತಕ್ಕೆ ಎಂದ. ಹೆಡ್ಡು ಕೂರಿಸುವುದೊಂದೇ ಬಾಕಿ, ಬೆಳಿಗ್ಗೆ ಎದ್ದು ಹೊರಟರೆ ತಾಸಿನೊಳಗೆ ಅಪ್ಪನ ಮುಂದೆ ಇಳಿಸುತ್ತೇನೆ ಎಂದ. ವಿಮಲಾ ಬಾಗಿಲು ನೋಡಿದಳು, ಗಂಡನ ಮುಖ ನೋಡಿದಳು.

“ಮನ್ಯಾಗ ಕಾರ್ ಇಟ್ಗೊಂಡು ಹೇಣ್ತೀನ್ನ ಬಸ್ಸಿಗೆ ಹತ್ತಿಸಿದ ಅಂತ ಊರಾಗ ಅನ್ನಿಸ್ಕೊಳ್ಳಬೇಕೇನು ನಾನು?” ಎಂದ ಶ್ರೀಪಾದ.

ನೋಡಿ, ಮಾತು ಇಲ್ಲಿಗೆ ಬಂದು ನಿಂತಿತ್ತು. ಸಾಯುವವ ಅವಳಪ್ಪ, ಹೋಗುವ ಮಾನ ಇವನದು. ವಿಮಲಾ ಚೀಲ ಕಟ್ಟಿ ಬಾಗಿಲ ಹಿಂದೆ ಇಟ್ಟು, ಜಮಾಲಸಾಬನಿಗೆ ನಾಳೆ ಕಾರಿನಲ್ಲಿ ಬರುತ್ತೇವೆಂದು ಹೇಳಿ ಕಳಿಸಿದಳು. ಸಂಜೆ ಆ ಬಸ್ಸು ಓಣಿಯ ತುದಿಯಲ್ಲಿ ಹಾರ್ನು ಹೊಡೆದು ಸ್ವಲ್ಪ ನಿಂತು ಹೋದದ್ದು ಅವಳಿಗೆ ಅಡಿಗೆಮನೆಯಲ್ಲಿ ಕೇಳಿಸಿತು.

ಮರುದಿನ ಮಹಾನವಮಿ, ಖಂಡೇಪೂಜೆ. ಅತ್ತೆ ಗೋಪಿಕಾಬಾಯಿ ಮಡಿಯುಟ್ಟು ಮನೆಯ ಕಬ್ಬಿಣವನ್ನೆಲ್ಲ ದೇವರ ಮುಂದೆ ಜೋಡಿಸಿದರು. ಈಳಿಗೆ, ಕುಡುಗೋಲು, ಕತ್ತರಿ, ಜೊತೆಗೆ ಶೆಡ್ಡಿನಿಂದ ತರಿಸಿ ತೊಳೆಸಿದ ಪಾನಾಗಳ ಸಾಲು. ಪ್ರತಿಯೊಂದಕ್ಕೂ ಅರಿಷಿಣ ಕುಂಕುಮದ ಪಟ್ಟೆ, ಚೆಂಡು ಹೂವು. ಆ ದಿನ ಪೂಜೆಗಿಟ್ಟ ಆಯುಧ ಎತ್ತುವ ಹಾಗಿಲ್ಲ. ಮರುದಿನ ಉತ್ತರಪೂಜೆ ಆದಮೇಲೆಯೇ ಕೈಗೆ. ಹೆಡ್ಡು ಇನ್ನೂ ಗೋಣಿಚೀಲದ ಮೇಲೆಯೇ ಇತ್ತು. ಬೆಳಿಗ್ಗೆ ಎದ್ದು ಹೊರಡೋಣ ಎಂದವನು ಎದ್ದದ್ದೇ ತಡವಾಗಿ.

ವಿಮಲಾ ಗಂಡನನ್ನು ಹಿತ್ತಲಿಗೆ ಕರೆದು ಏನು ಮಾಡೋಣವೆಂದು ಕೇಳಿದಳು. ಅವನು ಕೈ ಅಲ್ಲಾಡಿಸಿದ. ಅವ್ವ ಪೂಜೆಗೆ ಇಟ್ಟುಬಿಟ್ಟಿದ್ದಾಳಲ್ಲ, ತಾನೇನು ಮಾಡಲಿ ಎಂದ. ಏಕಾದಶಿಯ ದಿನ ಹುಬ್ಬಳ್ಳಿಯಲ್ಲಿ ಉಳ್ಳಾಗಡ್ಡಿ ಭಜಿ ತಿಂದು ಬಾಯೊರೆಸಿಕೊಂಡು ಬರುವ ಗೃಹಸ್ಥ ಇವನು! ಅವನಿಗೆ ಇವತ್ತು ನಿಷ್ಠೆ ಉಕ್ಕಿತ್ತು. ಹಾಗಾದರೆ ಸಂಜೆ ಬಸ್ಸಿಗಾದರೂ ಹೋಗುತ್ತೇನೆ ಎಂದಳು ವಿಮಲಾ. ಹಬ್ಬದ ದಿನ ಸೊಸೆ ಒಬ್ಬಳೇ ಬಸ್ಸು ಹತ್ತುವುದು ಎಲ್ಲಿಯ ಪದ್ಧತಿ ಎಂದು ಒಳಗಿನಿಂದ ಗೋಪಿಕಾಬಾಯಿಯ ದನಿ ಬಂತು. ಶ್ರೀಪಾದ ತಾಯಿಯ ಮಾತಿಗೆ ತಲೆಯಾಡಿಸಿದ.

ಮಧ್ಯಾಹ್ನ ಊಟವಾಗಿ ಅತ್ತೆ ಅಡ್ಡಾದರು. ವಿಮಲಾ ದೇವರ ಮನೆಯಲ್ಲಿ ಇಣುಕಿದಾಗ ಪಾನಾ ಇಟ್ಟ ಜಾಗ ಖಾಲಿ. ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿತ್ತು. ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಮೆಲ್ಲಗೆ ಕೇಳುತ್ತಿತ್ತು. ಅವಳ ಕಣ್ಣಿನಲ್ಲಿ ನೀರು ತುಂಬಿ ಬಂತು. ತನ್ನ ಸಲುವಾಗಿ, ತಾಯಿಯ ಕಣ್ಣು ತಪ್ಪಿಸಿ, ದೇವರ ಮುಂದಿನ ಪಾನಾ ಎತ್ತಿದ್ದಾನಲ್ಲ ಎಂದುಕೊಂಡಳು. ಆ ಒಂದು ಮಧ್ಯಾಹ್ನ ಅವಳು ಅವನನ್ನು ಮನಸಾರೆ ಪ್ರೀತಿಸಿದಳು. ತಲೆ ಬಾಚಿ, ಕುಂಕುಮ ತೀಡಿ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತಳು.

ಹೊತ್ತು ಇಳಿಯಿತು. ಎಂಜಿನ್ನು ಕಿರ್ರೆಂದಿತು, ಕೆಮ್ಮಿತು, ಸುಮ್ಮನಾಯಿತು. ಮತ್ತೆ ಬಿಚ್ಚುವ ಸದ್ದು, ಮತ್ತೆ ಬಿಗಿಯುವ ಸದ್ದು, ಮತ್ತೆ ಕಿರ್ರ್. ಪ್ರತಿ ಸಲವೂ ವಿಮಲಾ ಚೀಲ ಹಿಡಿದು ಏಳುವಳು, ಕೂರುವಳು. ಓಣಿಯ ತುದಿಯಲ್ಲಿ ಹಿರೇಕೆರೂರ ಬಸ್ಸು ಹಾದು ಹೋಯಿತು. ಸ್ವಲ್ಪ ಹೊತ್ತಿಗೆ ಶ್ರೀಪಾದ ಹೊರಗೆ ಬಂದ. ಕಟ್ಟೆಯ ಮೇಲೆ ಕೂತವಳನ್ನು ನೋಡಲಿಲ್ಲವೋ, ನೋಡಿಯೂ ನೋಡದಂತೆ ಹೋದನೋ. ಪಂಚೆಯಲ್ಲಿ ಸುತ್ತಿಕೊಂಡ ಪಾನಾಗಳನ್ನು ಮತ್ತೆ ದೇವರ ಮುಂದೆ ಇಟ್ಟು, ಅಳಿಸಿದ ಪಟ್ಟೆಗಳಿಗೆ ಬೆರಳಿನಿಂದ ಕುಂಕುಮ ಎಳೆದ. ರಾತ್ರಿ ಊಟಕ್ಕೆ ಕೂತಾಗ ನಾಳೆ ಉತ್ತರಪೂಜೆ ಆಗಲಿ, ಕಾರನ್ನು ಕೈಗೆತ್ತಿಕೊಳ್ಳುತ್ತೇನೆ ಎಂದ. ಮಧ್ಯಾಹ್ನದ ಸುದ್ದಿ ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಓಣಿಯ ತುದಿಯಲ್ಲಿ ಬಸ್ಸು ನಿಂತಿತು. ಮೊದಲ ಬಸ್ಸಿಗೆ ಬಂದ ಜಮಾಲಸಾಬ ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಅವನ ಮುಖ ನೋಡಿಯೇ ವಿಮಲಾಗೆ ತಿಳಿಯಿತು. ಅವಳು ಯಾರನ್ನೂ ಕೇಳದೆ ಚೀಲ ತೆಗೆದುಕೊಂಡು ಹೊರಟಳು. ಆಗ ಯಾರೂ ಬೇಡ ಅನ್ನಲಿಲ್ಲ. ಅವಳು ಮುಟ್ಟುವ ಹೊತ್ತಿಗೆ ಮಂದಿ ಸುಡುಗಾಡಿನಿಂದ ತಿರುಗಿ ಬಂದು ಬಾವಿಯ ಕಟ್ಟೆಯಲ್ಲಿ ಸ್ನಾನ ಮಾಡುತ್ತಿದ್ದರು.

ಕರ್ಮದ ದಿನಗಳಲ್ಲಿ ಯಾರೂ ಏನೂ ಕೇಳಲಿಲ್ಲ. ವೈಕುಂಠ ಸಮಾರಾಧನೆಯ ದಿನ ಶ್ರೀಪಾದ ಬಂದ, ಕಾರಿನಲ್ಲಿ. ಆಗ ಅದು ಹೂವಿನ ಹಾಗೆ ಓಡುತ್ತಿತ್ತು. ಇಳಿದವನೇ ರಾಘಣ್ಣನನ್ನು ಹಿಡಿದುಕೊಂಡು, ತಾನೇ ಕತ್ತರಿಸಿದ ಗ್ಯಾಸ್ಕೆಟ್ಟು ಹೇಗೆ ಕೂತಿದೆ ಎಂದು ಬಾನೆಟ್ ಎತ್ತಿ ತೋರಿಸಿದ. ತಂದೆಯನ್ನು ಕಳಕೊಂಡ ಹುಡುಗ ಕೈಕಟ್ಟಿಕೊಂಡು ಹೂಂ ಹೂಂ ಎಂದ.

ಪಂಕ್ತಿ ಕೂತಿತು. ವಿಮಲಾ ಸಾರು ಬಡಿಸುತ್ತಿದ್ದಳು. ಮನೆತನದ ಹಿರಿಯ ಕಾಕಾ ಅಳಿಯನ ಕಡೆ ತಿರುಗಿ, ಕಾರು ಇದ್ದೂ ಮಗಳಿಗೆ ಅಪ್ಪನ ಮುಖ ಸಿಗಲಿಲ್ಲವಲ್ಲ ಎಂದು ಮರುಗಿದರು. ಶ್ರೀಪಾದ ಕಣ್ಣು ಕೆಳಗೆ ಮಾಡಿದ.

“ಖಂಡೇಪೂಜಾ ಅಡ್ಡ ಬಂತ್ರಿ ಕಾಕಾ. ಪಾನಾ ಎಲ್ಲಾ ಪೂಜಾಕ್ಕ ಇಟ್ಟಿದ್ದರು. ಎತ್ತೂ ಹಂಗಿರಲಿಲ್ಲ.”

ಕಾಕಾ ಗಂಭೀರವಾಗಿ ತಲೆದೂಗಿದರು. ಈ ಕಾಲದ ಹುಡುಗರಲ್ಲಿ ಇಷ್ಟು ಆಚಾರ ಉಳಿದದ್ದು ದೊಡ್ಡದು ಎಂದರು. ಪಂಕ್ತಿಯ ಆ ತುದಿಯವರೂ ಹೌದು ಹೌದು ಎಂದರು. ತುಪ್ಪ ಬಡಿಸುತ್ತಿದ್ದ ಹೆಂಗಸು ಅಳಿಯನ ಎಲೆಗೆ ಇನ್ನೊಂದು ಚಮಚ ಹಾಕಿದಳು. ಶ್ರೀಪಾದನ ಮುಖದ ಮೇಲೆ ವಿನಯ ಹರಡಿತು. ಅವನೇ ಆ ಮಾತನ್ನು ನಂಬಿಬಿಟ್ಟಿದ್ದ ಎಂದು ವಿಮಲಾಗೆ ಅನ್ನಿಸಿತು.

ಅಷ್ಟರಲ್ಲಿ ರಾಘಣ್ಣ, ಯಾರನ್ನೂ ದೂರದೆ, ತನ್ನಷ್ಟಕ್ಕೆ ಎಂಬಂತೆ ಹೇಳಿದ. ಅಪ್ಪ ಕಾರಿನ ದಾರಿ ನೋಡಲೇ ಇಲ್ಲವಂತೆ. ನನ್ನ ವಿಮಲಿ ಬಸ್ಸಿಗೆ ಬರುತ್ತಾಳೆ, ಕೈಯಲ್ಲಿ ಚೀಲ ಇರುತ್ತದೆ, ಹೋಗಿ ಕರಕೊಂಡು ಬಾ ಎಂದು ಎರಡೂ ದಿನ ತನ್ನನ್ನು ಸ್ಟ್ಯಾಂಡಿಗೆ ಅಟ್ಟಿದರಂತೆ. ಪ್ರತಿ ಬಸ್ಸು ಬಂದಾಗಲೂ ಹಾನಗಲ್ಲಿಂದೇನು ಎಂದು ಕೇಳಿದರಂತೆ.

ವಿಮಲಾ ಸಾರಿನ ಪಾತ್ರೆ ಕೆಳಗಿಟ್ಟಳು. ಅಷ್ಟು ಮಂದಿಯ ನಡುವೆ ಗಂಡನ ಎದುರು ದನಿ ಎತ್ತಿದವಳಲ್ಲ ಅವಳು. ಎತ್ತಲೂ ಇಲ್ಲ, ಸಣ್ಣಗೇ ಹೇಳಿದಳು.

“ಇವರು ಪಾನಾ ಎತ್ತಿದ್ರು ಕಾಕಾ. ಅತ್ತೆಯವರು ಮಲಗಿದಾಗ ಪೂಜಾದಾಗಿಂದ ತಗೊಂಡು ಸಂಜೀತನಕಾ ಬಡಿದಾಡಿದ್ರು. ಕಾರ್ ಜೋಡಿಸ್ಲಿಕ್ಕೆ ಇವರಿಗೆ ಬರಲಿಲ್ಲ. ಬರೂದಿಲ್ಲ ಅನ್ನಲಿಕ್ಕೆ ನಾಚಿಕಿ ಆತು, ಅದಕ್ಕ ದೇವರ ಹೆಸರು ಹೇಳ್ಲಿಕ್ಕತ್ತಾರ.”

ಎಲೆಗಳ ಮೇಲಿನ ಕೈಗಳೆಲ್ಲ ನಿಂತವು. ಶ್ರೀಪಾದನ ಕಿವಿಗಳು ಕೆಂಪಗಾದವು. ಅವನು ಕಾಕಾನನ್ನು ನೋಡಿದ, ಎಲೆ ನೋಡಿದ. ಆಡಲಿಕ್ಕೆ ಸಾವಿರ ಮಾತಿತ್ತು, ತಪ್ಪಾಯಿತು ಅನ್ನುವುದೂ ಅದರಲ್ಲಿತ್ತು.

“ಅವತ್ತ ಗ್ಯಾಸ್ಕೆಟ್ ಸರಿ ಕೂತಿರಲಿಲ್ಲ,” ಎಂದ. “ಈಗ ಛಲೋ ಕೂತದ.”

ಅಡಿಗೆಮನೆಯ ಬಾಗಿಲ ಮೂಲೆಯಲ್ಲಿ ವಿಮಲಾಳ ತಾಯಿ ಕೂತಿದ್ದಳು. ಗಂಡ ಹೋದ ದಿನದಿಂದ ಒಂದು ಮಾತೂ ಆಡದವಳು ಈಗ ಬಾಯಿ ಬಿಟ್ಟಳು.

“ಬಸ್ಸ್ ಇತ್ತಲ್ಲ?”

ಶ್ರೀಪಾದ ತನ್ನನ್ನೇ ಕೇಳಿದಳೆಂದು ತಿಳಿದು, ಹಬ್ಬದ ದಿನ ಒಬ್ಬಳನ್ನೇ ಹೇಗೆ ಕಳಿಸುವುದು ಎಂದು ತೊದಲತೊಡಗಿದ. ಮುದುಕಿ ಅವನ ಕಡೆ ನೋಡಲೇ ಇಲ್ಲ. ವಿಮಲಾಳೂ ಅದು ಗಂಡನಿಗೆ ಬಿದ್ದ ಪೆಟ್ಟೆಂದೇ ತಿಳಿದು, ತಾಯಿ ತನ್ನ ಪರ ನಿಂತಳೆಂದು ಕಣ್ಣು ತುಂಬಿಕೊಂಡು ಅವಳ ಕಡೆ ತಿರುಗಿದ್ದಳು.

“ನಿನ್ನ ಕೇಳ್ಲಿಕ್ಕತ್ತೇನಿ ವಿಮಲೀ. ಬಸ್ಸ್ ಇತ್ತಲ್ಲ?”

“ಇತ್ತವ್ವಾ,” ಎಂದಳು ವಿಮಲಾ.

ತಾಯಿ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು.