ಹೊಳೆಹಕ್ಕಿಯ ಕಟ್ಟೆ

ರಾರಾವಿಯ ಹೊಳೆದಂಡೆಯಲ್ಲಿ, ಹೊಸ ಸ್ನಾನಘಟ್ಟಕ್ಕೆಂದು ಹರವಿದ ಜಲ್ಲಿಯ ಮೇಲೆ ಹಕ್ಕಿಯೊಂದು ಮೂರು ತತ್ತಿ ಇಟ್ಟಿತ್ತು. ಹಳದಿ ಕೊಕ್ಕು, ತಲೆಗೆ ಕರಿ ಟೋಪಿ. ಕೊಟ್ರಮ್ಮನಿಗೆ ಅದು ಹಳೇ ಪರಿಚಯ. ಬೇಸಿಗೆ ಬಂತೆಂದರೆ ನಡುಹೊಳೆಯ ಉಸುಕಿನ ದಿಬ್ಬದಲ್ಲಿ ಮರಿ ಮಾಡುತ್ತಿತ್ತು. ಉಸುಕೆಲ್ಲ ಲಾರಿ ಏರಿ ಹೋಯಿತು. ಉಳಿದ ಚೂರನ್ನು ಈ ಸಲ ಅಕಾಲದ ಮಳೆ ಮುಳುಗಿಸಿತು. ಹಕ್ಕಿ ದಂಡೆ ಹತ್ತಿತ್ತು.

"ಕಡಲ ದಂಡ್ಯಾಗೂ ಇದೇ ಕತಿ ದೊಡ್ಡಮ್ಮ," ಎಂದಳು ಫೋನಿನಲ್ಲಿ ತಂಗಿಯ ಮಗಳು ಶೈಲಜಾ. ಬಳ್ಳಾರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. "ಅಲಿ ತಡ್ಯಾಕ ಗ್ವಾಡಿ ಕಟ್ಟಿದ ಕಡೆ ಉಸುಕು ಕೊಚ್ಚಿ ಹೋಗ್ತೈತಿ. ನೀರು ಬಿಸಿಯಾತು ಅಂತ ಏಡಿ, ಚಿಪ್ಪಿನ ಹುಳ ಎಲ್ಲ ತಂಪಿನ ಕಡೆ ಸರದು ಹೊಂಟಾವು. ಕಡಲು ಉದ್ದ ಐತಿ, ಸರೀತಾವು. ನಿಮ್ಮ ಹಕ್ಕಿ ಎಲ್ಲಿಗೆ ಸರೀಬೇಕು?"

"ಎಲ್ಲಿಗೂ ಬ್ಯಾಡ. ಇಲ್ಲೇ ಮರಿ ಮಾಡ್ತೈತಿ. ನಾ ನೋಡ್ಕೊಂತೀನಿ."

ಬಿಸಿಲೇರಿದರೆ ಜಲ್ಲಿ ಕಾದ ಹಂಚು. ಹಕ್ಕಿ ಹೊಳೆಗೆ ಹಾರಿ, ಹೊಟ್ಟೆ ನೆನೆಸಿಕೊಂಡು ಬಂದು, ತೊಟ್ಟಿಕ್ಕುತ್ತಲೇ ತತ್ತಿಗಳ ಮೇಲೆ ಕೂರುತ್ತಿತ್ತು. ಮತ್ತೆ ಹೋಗುವುದು, ಮತ್ತೆ ಬರುವುದು.

ಮೇಸ್ತ್ರಿ ಯರ್ರಿಸ್ವಾಮಿ ಒಳ್ಳೆಯವನು. ಆ ಮೂಲೆಯ ಕೆಲಸವನ್ನು ಕಡೆಗಿಟ್ಟುಕೊಂಡ. "ಆದ್ರ ನಮ್ಮ ಮಂದಿ ನೆಲ ನೋಡಿ ನಡ್ಯಂಗಿಲ್ಲ ಯವ್ವಾ. ನಾ ಹೇಳಿದ್ರ ಕೇಳಂಗಿಲ್ಲ, ದೇವರು ಹೇಳಿದ್ರ ಕೇಳ್ತಾರ."

ಕೊಟ್ರಮ್ಮ ನಕ್ಕಳು. ತತ್ತಿಗಳ ಪಕ್ಕ ಉದ್ದನೆಯ ಕಲ್ಲೊಂದನ್ನು ನಿಲ್ಲಿಸಿ, ಮೂರೆಳೆ ವಿಭೂತಿ ಎಳೆದಳು. ಮರುದಿನದಿಂದ ಕೂಲಿಯವರು ಚಪ್ಪಲಿ ಬಿಟ್ಟು, ಸುತ್ತುಬಳಸಿ ನಡೆದರು.

ಅಷ್ಟಕ್ಕೇ ನಿಲ್ಲಲಿಲ್ಲ. ಮೊದಲು ಮಲ್ಲಿಗೆ ಬಂತು, ಆಮೇಲೆ ಊದಿನಕಡ್ಡಿ. ಸೋಮವಾರ ಸಿರಿಗೇರಿಯಿಂದ ಟ್ರ್ಯಾಕ್ಟರ್ ತುಂಬ ಹೆಂಗಸರೇ ಬಂದರು. ಕೊಟ್ರಮ್ಮ ಏದುಸಿರು ಬಿಡುತ್ತ ತಲುಪುವ ಹೊತ್ತಿಗೆ ಕಲ್ಲಿನ ಸುತ್ತ ಮಂದಿ ಒತ್ತಿ ಕೂತಿದ್ದರು. ಹಕ್ಕಿಗೆ ಇಳಿಯಲು ಜಾಗವಿಲ್ಲ. ನೆನೆದ ಹೊಟ್ಟೆ ಹೊತ್ತು, ಕಿರಿಚುತ್ತ, ತಲೆಗಳ ಮೇಲೆ ಸುತ್ತುತ್ತಿತ್ತು.

"ನೋಡ್ರೇ, ಪ್ರದಕ್ಷಿಣಿ ಹಾಕಾಕತ್ತೈತಿ!" ಮಂಜಮ್ಮ ಎಂಬಾಕೆ ಕೈ ಮುಗಿದಳು.

"ಅದು ತಾಯಿ ಐತ್ರೆ! ಸರೀರಿ, ತತ್ತಿ ಬೇಯತಾವು. ಈ ವಿಭೂತಿ ನಾನೇ ಬಳದಿದ್ದು, ದೇವರಲ್ಲ ಇದು."

"ನಿಮ್ಮ ಕೈಲೆ ಬಳಿಸಿದವ ಯಾರು ಮತ್ತ? ಪುಣ್ಯವಂತ್ರು ನೀವು. ಬರ್ರಿ ಯವ್ವಾ, ಬಿಸಿಲಾಗ ನಿಂತೀರಿ." ಮಂಜಮ್ಮ ತನ್ನ ಸೆರಗನ್ನೇ ಬಿಡಿಸಿ ಕೊಟ್ರಮ್ಮನ ತಲೆಗೆ ನೆರಳು ಹಿಡಿದಳು.

ಸಂಜೆ ಮಂದಿ ಕರಗಿದ ಮೇಲೆ ಕೊಟ್ರಮ್ಮ ತತ್ತಿಯೊಂದನ್ನು ಅಂಗೈಗೆ ತೆಗೆದುಕೊಂಡಳು. ಒಲೆಯಿಂದ ಇಳಿಸಿದಂತಿತ್ತು. ಚಿಪ್ಪು ಬಿರಿದು, ಪುಟ್ಟ ಕೊಕ್ಕಿನ ತುದಿ ಹೊರಗೆ ಬಂದು, ಅಲ್ಲೇ ಒಣಗಿತ್ತು. ಉಳಿದೆರಡೂ ಹಾಗೆಯೇ ಬೆಂದಿದ್ದವು.

ಮರುದಿನ ಅವಳ ಅಳು ನೋಡಲಾರದೆ ಯರ್ರಿಸ್ವಾಮಿ ಕೆಲಸ ಬಿಟ್ಟು, ತಾನೇ ಸಿಮೆಂಟು ಕಲಸಿ, ಅಲ್ಲೊಂದು ಪುಟ್ಟ ಕಟ್ಟೆ ಎಬ್ಬಿಸಿದ. ತತ್ತಿಗಳು ಒಳಗೇ ಉಳಿದವು.

"ಇನ್ನ ಯಾರೂ ತುಳಿಯಂಗಿಲ್ಲ ಯವ್ವಾ. ಮೊದಲ ವಿಭೂತಿ ನಿಮ್ಮದೇ."

ಹಕ್ಕಿ ಹೊಳೆಯಿಂದ ಬಂತು. ಹಸಿ ಸಿಮೆಂಟಿನ ಮೇಲೆ ನೆನೆದ ಹೊಟ್ಟೆ ಊರಿ ಕೂತಿತು. ಸೇರಿದವರೆಲ್ಲ ಕೈ ಮುಗಿದು, ಪಕ್ಕಕ್ಕೆ ಸರಿದು, ಕೊಟ್ರಮ್ಮನಿಗೆ ದಾರಿ ಬಿಟ್ಟರು.