ಎಸಿಗೊಂದು ತೇಗದ ಮನೆ

ಆ ಮನೆಯಲ್ಲಿ ಯಾವ ವಸ್ತುವಿಗೂ ಬರಿಮೈಯಲ್ಲಿರುವ ಹಕ್ಕಿರಲಿಲ್ಲ. ರಿಮೋಟಿಗೆ ಪ್ಲಾಸ್ಟಿಕ್ ಅಂಗಿ, ಸೋಫಾಕ್ಕೆ ಅಂಗಡಿಯಿಂದ ಬಂದ ದಿನದ್ದೇ ಹೊದಿಕೆ, ವಾಷಿಂಗ್ ಮೆಷಿನ್ನಿಗೆ ಹೂವಿನ ಚಿತ್ರದ ಗೌನು. ಹೊದಿಸಿದವರು ಯಜಮಾನರು. ವಿಮಾ ಕಚೇರಿಯಲ್ಲಿ ಉಪವ್ಯವಸ್ಥಾಪಕರಾಗಿದ್ದ ಅವರಿಗೆ ಲೋಕದ ವಸ್ತುಗಳೆಲ್ಲ ಹಾಳಾಗಲು ತುದಿಗಾಲಲ್ಲಿ ನಿಂತಿವೆ ಎಂಬ ತಿಳಿವಳಿಕೆ ಸಂಬಳದ ಜೊತೆಗೇ ಬಂದಿತ್ತು.

ಬೇಸಿಗೆಗೆ ಮುಂಚೆ ಮನೆಗೆ ಬಣ್ಣ ಬಳಿಸುವಾಗ ಅವರ ಕಣ್ಣು ಬಾಲ್ಕನಿಯಲ್ಲಿದ್ದ ಎಸಿಯ ಹೊರಭಾಗದ ಮೇಲೆ ಬಿತ್ತು. ಇಷ್ಟು ವರ್ಷ ಅದು ಬಿಸಿಲು ಮಳೆಗೆ ಮೈಯೊಡ್ಡಿ ನಿಂತದ್ದನ್ನು ಕಂಡು ಅವರ ಕರುಳು ಚುರ್ರೆಂದಿತು. ಹೆಂಡತಿಯ ವಿಷಯದಲ್ಲಿ ಆ ಕರುಳು ಅಷ್ಟು ಬೇಗ ಸದ್ದು ಮಾಡಿದ್ದನ್ನು ಯಾರೂ ಕೇಳಿರಲಿಲ್ಲ. ಬಡಗಿ ಬಂದ, ತೇಗದ ಪೆಟ್ಟಿಗೆ ಎದ್ದಿತು. ಪಾಲಿಷ್, ಹಿತ್ತಾಳೆಯ ಹಿಡಿ, ಕಳ್ಳರ ಭಯಕ್ಕೆ ಬೀಗ. ಗಾಳಿಗೆಂದು ಬಿಟ್ಟ ಎರಡು ಸೀಳುಗಳು ಅಂಚೆ ಡಬ್ಬಿಯ ಬಾಯಷ್ಟಿದ್ದವು. ನೋಡಲು ಬಂದವರೆಲ್ಲ ಮೆಚ್ಚಿದರು. ಒಳಗೇನಿದೆ ಎಂದು ಕೇಳಿದವರೂ ಉಂಟು.

ಬೇಸಿಗೆ ಬಂತು. ಎಸಿ ಸ್ವಲ್ಪ ಹೊತ್ತು ತಂಪು ಕೊಟ್ಟು, ಗೊರಗುಟ್ಟಿ, ಆಮೇಲೆ ಬರೀ ಬೆಚ್ಚನೆಯ ಗಾಳಿ ಬೀಸತೊಡಗಿತು.

ಅದಿದ್ದದ್ದು ಹಿಂದಿನ ಕೋಣೆಯಲ್ಲಿ. ಯಜಮಾನರು ಅಲ್ಲಿ ಭಾನುವಾರ ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದರು. ಉಳಿದ ಹೊತ್ತೆಲ್ಲ ಅದು ಹೆಂಡತಿಯ ಕೆಲಸದ ಮನೆ. ಆಕೆ ಆರ್ಡರ್ ಹಿಡಿದು ಕೇಕ್ ಮಾಡುತ್ತಿದ್ದಳು. ಬೇಯಿಸುವುದು ಅಡುಗೆಮನೆಯಲ್ಲಿ, ಕ್ರೀಮ್ ಹಚ್ಚಿ ಸಿಂಗರಿಸುವುದು ಈ ಕೋಣೆಯಲ್ಲಿ. ಬೆಣ್ಣೆಯ ಕ್ರೀಮು ಸೆಕೆಯಲ್ಲಿ ನಿಲ್ಲದು. ಹೂವೆಂದು ಇಟ್ಟದ್ದು ನೋಡನೋಡುತ್ತ ಹರಳೆಣ್ಣೆಯಾಗುತ್ತದೆ. ಈಗ ವೈದ್ಯೆಯೊಬ್ಬರ ಮಗಳ ಮದುವೆಗೆ ಮೂರಂತಸ್ತಿನ ಕೇಕ್ ಒಪ್ಪಿಕೊಂಡಿದ್ದಳು, ಶನಿವಾರಕ್ಕೆ. ಕೋಣೆ ತಂಪಾಗದಿದ್ದರೆ ಈ ಕೇಕೂ ಇಲ್ಲ, ಮುಂದಿನವೂ ಇಲ್ಲ. ಗಂಡನ ಲೆಕ್ಕದಲ್ಲಿ ಇದೆಲ್ಲ ಅವಳ ಹವ್ಯಾಸ. ಅವಳು ಕೊಡಿಸಿದ ಫ್ರಿಜ್ಜಿನಿಂದ ನೀರು ಕುಡಿಯುತ್ತಲೇ ಅವರು ಹಾಗೆ ಹೇಳುತ್ತಿದ್ದರು.

ರಿಪೇರಿಯೋ ಹೊಸದೋ ಎಂಬ ಪ್ರಶ್ನೆ ಎದ್ದ ಕೂಡಲೇ ಭಾವನವರು ಬಂದರು. ಯಜಮಾನರ ಅಕ್ಕನ ಗಂಡ. ಬಾಯಿ ಬಿಟ್ಟರೆ ‘ಮೂಲಭೂತವಾಗಿ’ ಎಂದೇ ಶುರುಮಾಡುತ್ತಿದ್ದುದರಿಂದ ನೆಂಟರಿಷ್ಟರಲ್ಲಿ ಅವರ ಹೆಸರು ಮೂಲಭೂತ ಭಾವ ಎಂದೇ ಆಗಿತ್ತು. ಎಂಜಿನಿಯರಿಂಗಿಗೂ ಅವರಿಗೂ ಇದ್ದ ನಂಟೆಂದರೆ ಅದರಲ್ಲಿ ಸೀಟು ಸಿಗದೇ ಹೋದದ್ದು. ಅವರ ತೀರ್ಪು ಸ್ಪಷ್ಟವಾಗಿತ್ತು: ಹಳೆಯದನ್ನು ಅಂಗಡಿಯವರಿಗೆ ಕೊಟ್ಟು ಹೊಸದು ತರುವುದು, ತಂದದ್ದನ್ನು ನಾಲ್ಕು ಜನ ನೋಡುವಂತೆ ಮುಂದಿನ ಹಾಲಿನ ಗೋಡೆಗೆ ಹಾಕುವುದು. ಹಿಂದಿನ ಕೋಣೆಗೆ ಫ್ಯಾನ್ ಧಾರಾಳವಾಯಿತು.

ಯಜಮಾನರು ರಿಪೇರಿಯ ಪಕ್ಷ. ಹೆಂಡತಿಗೆ ಮೊದಲು ಸ್ವಲ್ಪ ಆಸೆ ಮೂಡಿತು. ಆಮೇಲೆ ಗೊತ್ತಾದದ್ದು, ಅವರ ಚಿಂತೆ ಪೆಟ್ಟಿಗೆಯದು. ಹೊಸ ಯಂತ್ರದ ಹೊರಭಾಗ ಅದರೊಳಗೆ ಹಿಡಿಸದಿದ್ದರೆ ಅಷ್ಟು ತೇಗ ಏನಾಗಬೇಕು? ಟೇಪು ಹಿಡಿದು ಬಾಲ್ಕನಿಯಲ್ಲಿ ಮಂಡಿಯೂರಿ ಅಳೆದರು. ಭಾವನವರು ಮೇಲೆ ನಿಂತು, ಅಳೆಯುವುದು ಹಾಗಲ್ಲ ಎಂದರು.

ಮೆಕ್ಯಾನಿಕ್ ಬಂದ. ಎದುರಿಗೆ ಯಾರು ನಿಂತರೋ ಅವರ ಅಭಿಪ್ರಾಯವನ್ನು ಅವರಿಗೇ ಒಪ್ಪಿಸಿ ಕಾಫಿ ಕುಡಿಯುವ ಜಾಣ. ಯಜಮಾನರ ಬಳಿ, ಇಂಥ ಗಟ್ಟಿ ಮಾಲು ಈಗ ಬರುವುದಿಲ್ಲ ಎಂದ. ಭಾವನವರ ಬಳಿ, ಇದರ ಕತೆ ಮುಗಿಯಿತು ಎಂದ. ಗ್ಯಾಸ್ ತುಂಬಿದ. ಪೆಟ್ಟಿಗೆಯ ಮೇಲೆ ಬೆರಳಿನಿಂದ ತಟ್ಟಿ, ಮರ ಒಳ್ಳೆಯದು ಎಂದು ಹೊಗಳಿ ಹೋದ. ಎಸಿ ಆ ಸಂಜೆಯೇ ಮತ್ತೆ ಬಿಸಿಯುಸಿರು ಬಿಟ್ಟಿತು. ಅವನು ಇನ್ನೊಮ್ಮೆ ಬಂದು ಇನ್ನೊಮ್ಮೆ ತುಂಬಿದ. ಮರ ಆಗಲೂ ಒಳ್ಳೆಯದೇ ಆಗಿತ್ತು.

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಾಲಿಗೆ ಬಂದಳು. ಗಂಡಸರಿಬ್ಬರೂ ಸೋಫಾದ ಪ್ಲಾಸ್ಟಿಕ್ಕಿಗೆ ಬೆವರಿನಲ್ಲಿ ಅಂಟಿಕೊಂಡು ಕೂತಿದ್ದರು.

"ರೀ, ಆ ಪೆಟ್ಟಿಗೆ ಬಾಗಿಲು ಒಂದ್ಸಲ ತೆಗೆದು ನೋಡಿ. ಬಿಸಿಯಾಗೋ ವಸ್ತೂನ ನಾಲ್ಕೂ ಕಡೆ ಮುಚ್ಚಿಟ್ರೆ ನಮ್ಮ ಕಸುಬಲ್ಲಿ ಅದಕ್ಕೆ ಓವನ್ ಅಂತಾರೆ."

ಯಜಮಾನರು ಭಾವನ ಮುಖ ನೋಡಿದರು. ಭಾವನವರು ಮಕ್ಕಳಿಗೆ ನಗುವ ಹಾಗೆ ನಕ್ಕರು.

"ನೋಡಮ್ಮ, ಮೂಲಭೂತವಾಗಿ ತಂಪು ಇರೋದು ಒಳಗೆ, ಪೆಟ್ಟಿಗೆ ಇರೋದು ಹೊರಗೆ. ಕೇಕ್ ಬೇರೆ, ಕಂಪ್ರೆಸರ್ ಬೇರೆ."

"ಹೌದಣ್ಣ," ಎಂದಳು ಆಕೆ. "ಕೇಕ್ ಆದ್ರೆ ಬೆಂದಿದೆಯಾ ಅಂತ ನಾವು ಬಾಗಿಲು ತೆಗೆದು ನೋಡ್ತೀವಿ."

ಇಬ್ಬರೂ ಮತ್ತೆ ಮೊಬೈಲಿನ ಮೇಲೆ ಬಗ್ಗಿದರು. ಭಾವನವರು ಮೊಬೈಲಿನಲ್ಲಿ ಅಂಗಡಿಗಳನ್ನು ಜಾಲಾಡಿ, ಪೆಟ್ಟಿಗೆಯ ಅಳತೆಗೆ ಸರಿಯಾಗಿ ಕೂರುವ ಮಾದರಿಯೊಂದನ್ನು ಪತ್ತೆಮಾಡಿದ್ದರು. ಚೆನ್ನಾಗಿ ತಣಿಸುತ್ತದೆಯೇ ಎಂದು ಯಾರೂ ವಿಚಾರಿಸಲಿಲ್ಲ. ಯಜಮಾನರ ಕೊನೆಯ ಆಕ್ಷೇಪಣೆಯೂ ಹೀಗೆ ಬಿದ್ದುಹೋಗಿ, ಶುಕ್ರವಾರ ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಣ್ಣು ನೋಡಲು ಹೊರಟವರಂತೆ ಅಂಗಡಿಗೆ ಹೊರಟರು.

ಬೀಗದ ಕೈ ಯಜಮಾನರ ಗೊಂಚಲಲ್ಲಿತ್ತು. ಹೆಂಡತಿ ಬೀಗದ ತಂಟೆಗೆ ಹೋಗಲಿಲ್ಲ. ಸ್ಕ್ರೂಡ್ರೈವರ್ ತಂದು ಕೀಲುಗಳನ್ನೇ ಬಿಚ್ಚಿದಳು. ಬಾಗಿಲು ಕಳಚಿದಾಗ ಒಳಗಿನಿಂದ ನುಗ್ಗಿದ ಝಳಕ್ಕೆ ಅಭ್ಯಾಸಬಲದಿಂದ ಮುಖ ಪಕ್ಕಕ್ಕೆ ತಿರುಗಿಸಿದಳು. ಪಕ್ಕದ ಹಲಗೆಗಳನ್ನೂ ಬಿಡಿಸಿ ಗೋಡೆಗೆ ಒರಗಿಸಿದಳು. ಯಂತ್ರ ತಣಿಯಲೆಂದು ಬಿಟ್ಟು, ಅಷ್ಟರಲ್ಲಿ ಬೆಣ್ಣೆ ನೊರೆಗಟ್ಟುವಂತೆ ಕಡೆದಳು. ಸ್ವಿಚ್ ಒತ್ತಿದಾಗ ಎಸಿ ಮೊದಲಿನ ಹಾಗೆ ಓಡತೊಡಗಿತು, ಕತ್ತಲಾಗುವವರೆಗೂ ನಿಲ್ಲಲಿಲ್ಲ. ಆಕೆ ಬಾಗಿಲು ಹಾಕಿಕೊಂಡು ಕೆಳಗಿನ ಅಂತಸ್ತಿಗೆ ಕ್ರೀಮ್ ಬಳಿದಳು.

ಅಂಗಡಿಯಿಂದ ಬಂದ ಇಬ್ಬರೂ ಹಿಂದಿನ ಕೋಣೆಯ ಕಡೆ ತಲೆ ಹಾಕಲಿಲ್ಲ. ಅಲ್ಲಿ ಸೆಕೆ ಎಂಬುದು ಅವರ ಖಚಿತ ನಂಬಿಕೆಯಾಗಿತ್ತು.

ಶನಿವಾರ ಬೆಳಿಗ್ಗೆ ಅಂಗಡಿಯ ಆಳುಗಳು ಹೊಸ ಎಸಿಯ ಡಬ್ಬ ಹೊತ್ತು ಬಂದು, ಹಳೆಯದೆಲ್ಲಿ ಎಂದು ಕೇಳಿದರು. ಅದನ್ನು ಕೊಂಡೊಯ್ಯದಿದ್ದರೆ ಬಿಲ್ಲಿನಲ್ಲಿ ಮುರಿದುಕೊಂಡ ಹಣ ಮತ್ತೆ ಸೇರುತ್ತದೆಂದೂ ತಿಳಿಸಿದರು. ಯಜಮಾನರು ಹಿಂದಿನ ಕೋಣೆಯ ಬಾಗಿಲು ತಳ್ಳಿದರು. ಒಳಗಿನಿಂದ ಚಿಲಕ ಹಾಕಿತ್ತು. ಬಾಗಿಲ ಕೆಳಗಿನ ಸಂದಿನಿಂದ ತಣ್ಣನೆಯ ಗಾಳಿ ಅವರ ಪಾದಕ್ಕೆ ತಾಗಿತು.

ಅವರು ಹಿಂಜರಿಯಲಿಲ್ಲ. ಗ್ಯಾಸ್ ಕೂತುಕೊಳ್ಳಲು ಸಮಯ ಬೇಕು, ತಾನು ಮೊದಲಿನಿಂದಲೂ ರಿಪೇರಿಯನ್ನೇ ಹೇಳಿದ್ದು ಎಂದರು. ಕೆಲವು ಯಂತ್ರಗಳು ಸಾಯುವ ಮುಂಚೆ ಹೀಗೆ ಎದ್ದು ಕೂರುತ್ತವೆ ಎಂದರು ಭಾವನವರು. ಇಬ್ಬರೂ ತಂತಮ್ಮ ಮಾತು ನಿಜವಾದ ಸಂತೋಷದಲ್ಲಿ ಒಂದು ಗಳಿಗೆ ಮಿನುಗಿದರು. ಬಾಲ್ಕನಿಗೆ ಹೋಗಿ ನೋಡಿದರೆ ಉತ್ತರವಿತ್ತು. ಆದರೆ ಬಾಲ್ಕನಿಯ ದಾರಿ ಆ ಕೋಣೆಯೊಳಗಿಂದಲೇ.

"ಬಾಗಿಲು ತೆಗಿ ಸ್ವಲ್ಪ," ಎಂದರು ಯಜಮಾನರು. "ಅಂಗಡಿಯವರು ಕಾಯ್ತಿದ್ದಾರೆ."

"ಕ್ರೀಮ್ ಕೆಲಸ ನಡೀತಿದೆ. ತೆಗೆದ್ರೆ ಸೆಕೆ ನುಗ್ಗುತ್ತೆ."

"ಮತ್ತೆ ಇವರಿಗೆ ಏನು ಹೇಳ್ಲಿ?"

"ಹಳೇದು ಕೊಡಲ್ಲ ಅಂತ ಹೇಳಿ. ಹೊಸದನ್ನ ಹಾಲಲ್ಲಿ ಹಾಕಿಸ್ಕೊಂಡು ತಣ್ಣಗಿರಿ. ಇದು ಈ ಕೋಣೇದು. ಈ ಕೋಣೆ ನಂದು."

ಭಾವನವರು ಬಾಯಿ ತೆರೆದರು. ಆಳುಗಳಲ್ಲಿ ಒಬ್ಬ, ಬೇಗ ಹೇಳಿ ಸಾರ್, ಇನ್ನೂ ಬೇರೆ ಮನೆಗಳಿವೆ ಎಂದ. ಪರಿಶೀಲಿಸದೆ ಪೆನ್ನಿನ ಮುಚ್ಚಳವನ್ನೂ ತೆಗೆಯದ ಯಜಮಾನರು, ಮುಚ್ಚಿದ ಬಾಗಿಲನ್ನೂ ಡಬ್ಬವನ್ನೂ ನೋಡಿ, ಹಾಲಿನ ಗೋಡೆಯ ಕಡೆಗೆ ಕೈ ತೋರಿಸಿದರು. ಡ್ರಿಲ್ಲಿನ ಸದ್ದು ಮನೆ ತುಂಬಿತು.

ಒಳಗೆ ಆಕೆ ಮೂರನೆಯ ಅಂತಸ್ತನ್ನು ಎರಡೂ ಕೈಯಲ್ಲಿ ಎತ್ತಿ, ಎರಡನೆಯದರ ಮೇಲೆ ಇಳಿಸಿದಳು. ಗೋಡೆ ಅದುರುತ್ತಿತ್ತು. ಆಕೆ ಬಗ್ಗಿ, ಅಂಚಿನ ಹೂಗಳನ್ನು ಒಂದೊಂದಾಗಿ ನೋಡಿದಳು. ಒಂದೂ ಜಾರಿರಲಿಲ್ಲ.