ಬೇಲಿಯಾಚೆಯ ಶತ್ರು

ಕೋನಪ್ಪನ ಎಡಗೈಯ ಎರಡು ಬೆರಳು ಬದುವಿನ ಮೇಲೆ ಬಿದ್ದಿದ್ದವು. ನನ್ನ ಗಂಡ ನರಸಿಂಹಪ್ಪ ಕುಡುಗೋಲನ್ನು ಮತ್ತೆ ಎತ್ತಿದ್ದರು.

ಅಂದು ಬೆಳಗ್ಗೆ ಹುಳುಮನೆಯ ಬಾಗಿಲು ತೆಗೆದಾಗ ನಮ್ಮ ರೇಷ್ಮೆಹುಳುಗಳು ತಲೆ ಎತ್ತಿ ಒದ್ದಾಡುತ್ತಿದ್ದವು. ಹಸಿರು ನೀರು ಕಕ್ಕಿ, ಕುಗ್ಗಿ, ಒಂದರ ಮೇಲೊಂದು ಸಾಯುತ್ತಿದ್ದವು. ಇನ್ನೆರಡು ದಿನ ತಡೆದಿದ್ದರೆ ಗೂಡು ಕಟ್ಟುತ್ತಿದ್ದವು. ನಾನು ಮೊರದಲ್ಲಿ ಬಾಚಿ ಬಾಚಿ ಹೊರಗೆ ಸುರಿದೆ. ನಮ್ಮವರು ಸೊಪ್ಪು ಕೊಯ್ಯುವ ಕುಡುಗೋಲು ಹಿಡಿದು ಪಕ್ಕದ ಕೋನಪ್ಪನ ದ್ರಾಕ್ಷಿ ತೋಟಕ್ಕೆ ನುಗ್ಗಿದರು.

ಅಲ್ಲಿಗೇ ಯಾಕೆ ಎಂದು ನಾನು ಕೇಳಲಿಲ್ಲ. ಹದಿನೈದು ದಿನದಿಂದ ದಿನಕ್ಕೆ ಮೂರು ಸಲ ಶಿಡ್ಲಘಟ್ಟದ ಕಡೆಯಿಂದ ಒಂದು ಆಟೋ ಮೈಕು ಕಟ್ಟಿಕೊಂಡು ಬರುತ್ತಿತ್ತು. ‘ನಿಮ್ಮ ಹುಳುವಿನ ಶತ್ರು ಬೇಲಿಯಾಚೆಯೇ ಇದ್ದಾನೆ. ಅವನು ಹೊಡೆಯುವ ವಿಷ ನಿಮ್ಮ ಸೊಪ್ಪಿಗೆ ಬರುತ್ತದೆ. ಇಂದೇ ತನ್ನಿ, ರೇಷ್ಮೆ ಕವಚ.’ ಪಾತ್ರೆ ತಿಕ್ಕುವಾಗಲೂ ಆ ಮಾತು ನನ್ನ ನಾಲಿಗೆಯ ಮೇಲೆ ಬರುತ್ತಿತ್ತು. ಆಟೋದ ಹಿಂದೆ ಬಿಳಿ ಕೋಟಿನವನ ಚಿತ್ರ.

ಒಂಬತ್ತನೇ ಕ್ಲಾಸಿನ ನನ್ನ ಮಗಳು ಅಮೃತ ಅದನ್ನು ನೋಡಿ ನಕ್ಕಿದ್ದಳು. ಅವಳ ಯಶೋಧರಾ ಮಿಸ್ಸು ಜಾಹೀರಾತುಗಳನ್ನು ಕತ್ತರಿಸಿ ತರಿಸಿ, ಇದು ನಿಮ್ಮನ್ನು ಯಾವುದಕ್ಕೆ ಹೆದರಿಸುತ್ತಿದೆ, ಯಾಕೆ ಅವಸರ ಮಾಡುತ್ತಿದೆ ಎಂದು ಕೇಳುತ್ತಿದ್ದರಂತೆ.

“ಕೋಟು ಹಾಕಿರೋನಿಗೆ ಹೆಸರೇ ಇಲ್ಲ ನೋಡಮ್ಮ. ನಾನೂ ಕೋಟು ಹಾಕ್ಕೊಂಡ್ರೆ ಡಾಕ್ಟ್ರೇನಾ?”

ನಾನೂ ನಕ್ಕಿದ್ದೆ. ಆದರೆ ಹುಳು ಸಾಯುವ ಹಿಂದಿನ ದಿನ, ಇವತ್ತೇ ಕೊನೆ ಎಂದು ಮೈಕು ಕೂಗಿದಾಗ, ರಾಗಿ ಹಿಟ್ಟಿನ ಕೈಯಲ್ಲೇ ಓಡಿಹೋಗಿ ರೇಷ್ಮೆ ಕವಚದ ಬಾಟಲಿ ತಂದೆ. ಸಂಜೆಯ ಸೊಪ್ಪಿಗೆಲ್ಲ ನಾನೇ ಹನಿಸಿದೆ. ಶಾಲೆಗೆ ತೋರಿಸಲೆಂದು ಅಮೃತ ಸಾಕಿದ್ದ ಒಂದು ತಟ್ಟೆಗೆ ಮಾತ್ರ ಹನಿಸಲು ಬಿಡಲಿಲ್ಲ.

ನಾನು ಬದುವಿಗೆ ಓಡಿದಾಗ ಕೋನಪ್ಪ ಮಂಡಿಯೂರಿದ್ದ. ಅವನ ಕೈಯ ರಕ್ತ ದ್ರಾಕ್ಷಿ ಬುಡದ ಮಣ್ಣಿಗೆ ಇಳಿಯುತ್ತಿತ್ತು.

“ನರಸಿಂಹಪ್ಪ, ಮೂರು ವಾರದಿಂದ ಔಷಧಿ ಹೊಡ್ದೇ ಇಲ್ಲ ಕಣಪ್ಪ. ನನ್ನ ಮಕ್ಕಳಾಣೆ.”

ನಮ್ಮವರು ಅವನ ಎದೆಗೆ ಒದ್ದರು. ಅವನು ಅಂಗಾತ ಬಿದ್ದ. ಕುಡುಗೋಲು ಅವನ ಕತ್ತಿನ ನೇರಕ್ಕೆ ಬಂತು. ನಾನು ಅದರ ಅಲಗನ್ನೇ ಹಿಡಿದೆ. ಅವರು ಜಗ್ಗಿದರು. ಅಂಗೈ ಎಲುಬಿನವರೆಗೆ ಸೀಳಿತು. ಆದರೂ ಬಿಡಲಿಲ್ಲ.

ಅಷ್ಟರಲ್ಲಿ ಅಮೃತ ಅಳುತ್ತಾ ಓಡಿಬಂದಳು. ತಟ್ಟೆಯನ್ನು ಅಪ್ಪನ ಮುಖಕ್ಕೆ ಹಿಡಿದಳು. ನಮ್ಮದೇ ತೋಟದ ಸೊಪ್ಪು, ಬಾಟಲಿಯದ್ದು ಹನಿಸದ್ದು. ಹುಳುಗಳು ಚರಚರ ಮೇಯುತ್ತಿದ್ದವು. ಒಂದೂ ಸತ್ತಿರಲಿಲ್ಲ.

“ಸೊಪ್ಪಲ್ಲಿ ಏನೂ ಇರಲಿಲ್ಲ,” ಎಂದೆ. “ಆ ಬಾಟಲಿ ವಿಷ ಹಾಕ್ದೋಳು ನಾನು. ಹೊಡೀಬೇಕು ಅಂದ್ರೆ ನನ್ನ ಹೊಡೀರಿ.”

ಅವರು ತಟ್ಟೆಯನ್ನೇ ನೋಡುತ್ತಾ ನಿಂತರು. ಆಮೇಲೆ ಹಿಡಿ ಸಡಿಲವಾಯಿತು.

ನನ್ನ ಸೆರಗು ಹರಿದು ಕೋನಪ್ಪನ ಕೈಗೆ ಬಿಗಿದೆ. ಅವನು ಉಳಿದ. ಬೆರಳುಗಳು ಉಳಿಯಲಿಲ್ಲ. ನಮ್ಮವರು ಈಗ ಜೈಲಿನಲ್ಲಿದ್ದಾರೆ. ಬಾಟಲಿಯಲ್ಲಿ ಉಳಿದದ್ದನ್ನು ಪೊಲೀಸರು ಒಯ್ದರು.

ಹತ್ತನೇ ದಿನ ಮತ್ತೆ ಆಟೋ ಬಂತು. ಮಾತು ಬದಲಾಗಿತ್ತು. ‘ನಿಮ್ಮ ಊರಲ್ಲೇ ನೋಡಿದ್ದೀರಿ, ನೆರೆಯವನನ್ನು ನಂಬಿದವರ ಗತಿ. ಎರಡೇ ದಿನ ಉಳಿದಿದೆ.’ ಎದುರು ಮನೆಯ ಇಬ್ಬರು ಹೆಂಗಸರು ಆಟೋದ ಹತ್ತಿರ ಹೋಗುತ್ತಿದ್ದರು. ನಾನು ಅಡ್ಡ ನಿಂತು ಹೊಲಿಗೆ ಹಾಕಿದ ಅಂಗೈ ಬಿಚ್ಚಿ ತೋರಿಸಿದೆ. ಅವರು ನಿಂತರು. ಮೈಕು ಮಾತ್ರ ನಿಲ್ಲಲಿಲ್ಲ.

ಆಗ ಕೋನಪ್ಪನ ಹೆಂಡತಿ ಅಕ್ಕಯಮ್ಮ ಒನಕೆ ಹಿಡಿದು ಬಂದಳು. ನನಗೇ ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದೆ. ಏಟು ಬಿದ್ದದ್ದು ಮೈಕಿಗೆ. ಎರಡನೆಯದಕ್ಕೆ ಅದು ನಜ್ಜುಗುಜ್ಜಾಗಿ ಕೆಳಗೆ ಜೋತುಬಿತ್ತು. ಮೂರನೆಯದು ಬಿಳಿ ಕೋಟಿನವನ ಮುಖವನ್ನು ಸೀಳಿತು. ಆಟೋದವನು ಇಳಿದು ಓಡಿದ.

ಅವಳು ಏದುಸಿರು ಬಿಡುತ್ತಾ ನನ್ನ ಕಡೆ ತಿರುಗಿದಳು.

“ನಿನ್ನ ಗಂಡನ್ನ ನಾನು ಕ್ಷಮಿಸಲ್ಲ ಕಣೇ. ಇದು ಬೇರೆ.”

ಒನಕೆಯ ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದಳು. ನಾನು ಗಾಯವಿಲ್ಲದ ಕೈಯಲ್ಲಿ ಹಿಡಿದು, ಅವಳ ಜೊತೆ ಆಟೋದ ಕಡೆ ತಿರುಗಿದೆ.